ಜೇನಿನ ಕಣ್ಣಿಗೆ ಸೂರ್ಯಕಾಂತಿ

ಪ್ರಶ್ನೆ: ನಮ್ಮ ಸಿಂದಗಿ, ಮುದ್ದೇಬಿಹಾಳದ ಹೊಲಗಳಲ್ಲಿ ಸೂರ್ಯಕಾಂತಿಯನ್ನು ಮುತ್ತುವ ಜೇನುನೊಣಗಳಿಗೆ ಆ ಹೂವು ನಮಗೆ ಕಂಡಂತೆಯೇ ಹಳದಿಯಾಗಿ ಕಾಣುವುದೆ?

ಉತ್ತರ: ಕಾಣದು. ಸಹಸ್ರಾರು ಸೂಕ್ಷ್ಮ ಘಟಕಗಳಿಂದ ರಚಿತವಾದ ಜೇನಿನ ಸಂಯುಕ್ತನೇತ್ರದಲ್ಲಿ ಬೆಳಕನ್ನು ಗ್ರಹಿಸುವ ಕೋಶಗಳು ಮೂರು ಬಗೆಯವಾಗಿದ್ದು, ಕೆಲವು ಸುಮಾರು 344 ನ್ಯಾನೋಮೀಟರ್ ತರಂಗಾಂತರದ ಅತಿನೇರಳೆಗೂ, ಕೆಲವು 436ರ ನೀಲಿಗೂ, ಉಳಿದವು 544ರ ಹಸುರಿಗೂ ವಿಶೇಷವಾಗಿ ಸ್ಪಂದಿಸುತ್ತವೆ. ಈ ಭೇದಕ್ಕೆ ಕಾರಣ ಆ ಕೋಶಗಳಲ್ಲಿರುವ ಆಪ್ಸಿನ್ ಎಂಬ ಪ್ರೋಟೀನು. ಅದರ ರಚನೆ ಬದಲಾದಂತೆ ಅದು ಹೀರುವ ಬೆಳಕೂ ಬದಲಾಗುವುದು. ಆದರೆ ಮಂದವಾದ ಹಸುರಿಗೂ ಪ್ರಖರವಾದ ನೀಲಿಗೂ ಒಂದೇ ಕೋಶವು ಸಮನಾಗಿ ಸ್ಪಂದಿಸಬಹುದಾದ್ದರಿಂದ, ಮೂರರ ಸಂಕೇತಗಳನ್ನೂ ಪರಸ್ಪರ ತೂಗಿ ವರ್ಣವನ್ನು ನಿರ್ಣಯಿಸುವ ಹೊಣೆ ಮಿದುಳಿನದು.

ಬೂದುಬಣ್ಣದ ನಾನಾ ಛಾಯೆಗಳ ಕಾಗದಗಳ ನಡುವೆ ನೀಲಿಯದೊಂದರ ಮೇಲೆ ಸಕ್ಕರೆನೀರಿಟ್ಟು ಜೇನುಗಳಿಗೆ ರೂಢಿ ಮಾಡಿಸಿದ ಪ್ರಾಣಿವಿಜ್ಞಾನಿ ಕಾರ್ಲ್ ಫಾನ್ ಫ್ರಿಷ್, ಅವು ಬಣ್ಣವನ್ನು ಗುರುತಿಸುತ್ತವೆಂದು 1914ರಲ್ಲಿ ಪ್ರಕಟಿಸಿದನು; ಕೆಂಪನ್ನು ಮಾತ್ರ ಅವು ಕಪ್ಪಿನಿಂದ ಬೇರ್ಪಡಿಸಲಾರದೆ ಹೋದುವು.

ಇನ್ನು ಸೂರ್ಯಕಾಂತಿಯ ಎಸಳಿನ ತುದಿಯು ಅತಿನೇರಳೆಯನ್ನು ಪ್ರತಿಫಲಿಸಿದರೆ ಬುಡವು ಅದನ್ನು ಹೀರಿಕೊಳ್ಳುತ್ತದೆ. ಆದಕಾರಣ ನಮಗೆ ಏಕವರ್ಣವೆನಿಸುವ ಎಸಳು ಜೇನಿಗೆ ದ್ವಿವರ್ಣವಾಗಿ ತೋರಿ, ಮಕರಂದ ಪರಾಗಗಳಿರುವ ನಡುಭಾಗವನ್ನು ಸ್ಪಷ್ಟವಾಗಿ ನಿರ್ದೇಶಿಸುತ್ತದೆ.