ಅನ್ಯದೇಶದ ಅಡುಗೆ ಮತ್ತು ಗಿರಾಕಿಯ ನಂಬಿಕೆ: ಬೆಂಗಳೂರಿನ ಕೊರಿಯನ್ ಭೋಜನಗೃಹಗಳನ್ನು ಕುರಿತು ಒಂದು ವಿವೇಚನೆ

ಹಣ ತೆತ್ತು ಪರರ ಕೈಯಡುಗೆಯನ್ನು ಉಣ್ಣುವವನ ಸ್ಥಿತಿ ಉಳಿದ ಗಿರಾಕಿಗಳ ಸ್ಥಿತಿಗಿಂತ ಭಿನ್ನವಾದುದು. ಬಟ್ಟೆಯನ್ನು ಕೊಳ್ಳುವವನು ಅದನ್ನು ಕೈಯಲ್ಲಿ ಹಿಡಿದು ನೋಡಬಲ್ಲನು. ಅಕ್ಕಿಯನ್ನು ಕೊಳ್ಳುವವನು ನಾಲ್ಕು ಕಾಳನ್ನು ಬಾಯಿಗೆ ಹಾಕಿಕೊಂಡು ಪರೀಕ್ಷಿಸಬಲ್ಲನು. ಊಟವನ್ನು ಕೊಳ್ಳುವವನಿಗಾದರೋ ಅಡುಗೆಮನೆಯೂ ಕಾಣದು, ಅಡುಗೆಯವನೂ ಕಾಣನು. ಕಾಣದುದನ್ನು ನಂಬಿ ಅವನು ಎಲೆಯ ಮುಂದೆ ಕುಳಿತುಕೊಳ್ಳಬೇಕು. ಭೋಜನಗೃಹಗಳ ರುಚಿಯನ್ನೂ ಉಪಚಾರವನ್ನೂ ಕುರಿತು ಕೇಳಿಬರುವ ಮೆಚ್ಚುಗೆ, ದೂರುಗಳ ಬುಡದಲ್ಲಿ ಬಹುಮಟ್ಟಿಗೆ ಈ ನಂಬಿಕೆಯ ಪ್ರಶ್ನೆಯೇ ಇದೆಯೆಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

1990ರ ದಶಕದ ಉತ್ತರಾರ್ಧದಿಂದ ಕೊರಿಯ ದೇಶದ ದೊಡ್ಡ ಉದ್ಯಮಗಳು ದಕ್ಷಿಣ ಭಾರತದಲ್ಲಿ ನೆಲೆಯೂರತೊಡಗಿದವು. ಹ್ಯುಂಡೈ ಸಂಸ್ಥೆಯು ಚೆನ್ನೈ ಬಳಿಯ ಶ್ರೀಪೆರಂಬುದೂರಿನಲ್ಲಿ 1998ರಲ್ಲಿ ಕಾರುಗಳ ತಯಾರಿಕೆಯನ್ನು ಆರಂಭಿಸಿತು, ಸ್ಯಾಮ್‌ಸಂಗ್, ಎಲ್.ಜಿ. ಸಂಸ್ಥೆಗಳು ಬೆಂಗಳೂರಿನಲ್ಲಿ ತಂತ್ರಾಂಶದ ಶಾಖೆಗಳನ್ನು ತೆರೆದವು. ಕೊರಿಯನ್ನರು ವಾಸಿಸತೊಡಗಿದ ಕಡೆ ಅವರ ಭೋಜನಗೃಹಗಳೂ ಕಾಣಿಸಿಕೊಂಡವು. ಇಂದು ಅಲ್ಲಿಗೆ ಹೋಗುವ ಕನ್ನಡಿಗರು ಕಡಮೆಯೇನಲ್ಲ. ಬಾಬಾಬುಡನ್ ಗಿರಿಶ್ರೇಣಿಯ ಮಗ್ಗುಲಿನ ಮಲ್ಲಂದೂರಿನಂತಹ ಕಾಫಿಯ ಊರುಗಳಿಂದ ಓದಿಗಾಗಿಯೋ ಉದ್ಯೋಗಕ್ಕಾಗಿಯೋ ರಾಜಧಾನಿಯನ್ನು ಸೇರಿದ ತರುಣರೂ ಅವರಲ್ಲಿದ್ದಾರೆ. ಇಂತಹವರು ತಮ್ಮ ಅನುಭವವನ್ನು ಹೇಳಿಕೊಳ್ಳುವಾಗ ಮೂರು ಸಂಗತಿಗಳು ಮತ್ತೆ ಮತ್ತೆ ಬರುತ್ತವೆ: ಕೇಳದೆಯೇ ಬಂದ ತಟ್ಟೆಗಳು, ಕರೆಯದೆ ಬಾರದ ಪರಿಚಾರಕ, ಒಳಗೇನಿದೆಯೆಂದು ತಿಳಿಯದ ವ್ಯಂಜನ.

ಮೊದಲನೆಯದನ್ನು ನೋಡೋಣ. ಹೇಳಿದ ಊಟ ಬರುವ ಮುನ್ನವೇ ಸಣ್ಣ ಬಟ್ಟಲುಗಳ ಒಂದು ಸಾಲು ಮೇಜಿನ ಮೇಲೆ ಬಂದು ಕೂರುತ್ತದೆ. ಇವಕ್ಕೆ ಬಾನ್‌ಚಾನ್ ಎಂದು ಹೆಸರು. ಹೊಸಬನಿಗೆ, ಇವನ್ನೆಲ್ಲ ಲೆಕ್ಕಕ್ಕೆ ಸೇರಿಸಿಯಾರು ಎಂಬ ಶಂಕೆ ಹುಟ್ಟುವುದು ಸಹಜ. ಆದರೆ ಕೊರಿಯದ ಪದ್ಧತಿಯಲ್ಲಿ ಇವು ಅನ್ನದ ಪರಿವಾರ. ಸಾಮಾನ್ಯವಾಗಿ ಇವಕ್ಕೆ ಬೇರೆ ಬೆಲೆಯಿಲ್ಲ, ಮುಗಿದರೆ ಮತ್ತೆ ಕೇಳಲೂಬಹುದು. ನಮ್ಮ ಬಾಳೆಯೆಲೆಯ ತುದಿಯಲ್ಲಿ ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯಗಳು ಅನ್ನಕ್ಕಿಂತ ಮೊದಲು ಬಂದು ಕೂರುವುದನ್ನು ನೆನೆದರೆ ಇದರಲ್ಲಿ ಅಪರಿಚಿತವಾದುದು ಏನೂ ಇಲ್ಲ. ಆದರೆ ನಮ್ಮ ಊಟಕ್ಕೆ ಒಂದು ಕ್ರಮವುಂಟು: ಸಾರು, ಹುಳಿ, ಮಜ್ಜಿಗೆಗಳು ಒಂದರ ಹಿಂದೆ ಒಂದು ಬರುತ್ತವೆ. ಅವರಲ್ಲಿ ಅನ್ನ, ಸಾರು, ವ್ಯಂಜನಗಳೆಲ್ಲ ಒಟ್ಟಿಗೆ ಮೇಜಿಗೆ ಬರುತ್ತವೆ. ಅನ್ನವನ್ನೂ ಸಾರನ್ನೂ ಚಮಚದಿಂದಲೂ, ವ್ಯಂಜನಗಳನ್ನು ಲೋಹದ ಕಡ್ಡಿಗಳಿಂದಲೂ ತೆಗೆದುಕೊಳ್ಳುತ್ತಾರೆ.

ಎರಡನೆಯ ದೂರು ಪರಿಚಾರಕನನ್ನು ಕುರಿತದ್ದು. ನಮ್ಮಲ್ಲಿ ಬಡಿಸುವವನು ಪಂಕ್ತಿಯಲ್ಲಿ ಸುತ್ತುತ್ತಲೇ ಇರಬೇಕು. “ಇನ್ನೂ ಸ್ವಲ್ಪ” ಎಂದು ಒತ್ತಾಯಿಸುವುದೇ ಉಪಚಾರದ ಲಕ್ಷಣ. ಉಣ್ಣುವವನು ಎಲೆಯ ಮೇಲೆ ಕೈ ಅಡ್ಡ ಹಿಡಿಯುವವರೆಗೂ ಬಡಿಸುವವನ ಕರ್ತವ್ಯ ಮುಗಿಯದು. ಕೊರಿಯದ ಭೋಜನಗೃಹದಲ್ಲಿ ಊಟವನ್ನು ಇಟ್ಟ ಮೇಲೆ ಗಿರಾಕಿಯನ್ನು ಅವನ ಪಾಡಿಗೆ ಬಿಡುವುದು ರೂಢಿ. ಬೇಕಾದಾಗ ಅವನೇ ಕೂಗಿ ಕರೆಯಬೇಕು. ಕೆಲವೆಡೆ ಮೇಜಿನ ಮೇಲೆ ಕರೆಗಂಟೆಯ ಗುಂಡಿಯೂ ಇರುತ್ತದೆ. ಆ ದೇಶದಲ್ಲಿ ಪರಿಚಾರಕನಿಗೆ ಭಕ್ಷೀಸು ಕೊಡುವ ವಾಡಿಕೆಯೂ ಇಲ್ಲ. ಆದುದರಿಂದ ನಮ್ಮವನಿಗೆ ಅನಾದರವಾಗಿ ಕಂಡದ್ದು ಅವರ ದೃಷ್ಟಿಯಲ್ಲಿ ಮರ್ಯಾದೆಯಾಗಿರಬಹುದು. ಈ ಎರಡು ದೂರುಗಳು ಪದ್ಧತಿಯನ್ನು ಅರಿತೊಡನೆ ಕರಗಿಹೋಗತಕ್ಕವು.

ಮೂರನೆಯದು ಹಾಗೆ ಕರಗುವುದಿಲ್ಲ. ಕಿಮ್ಚಿ ಎಂಬುದು ಕೊರಿಯದ ಊಟದ ಜೀವಾಳ. ಎಲೆಕೋಸನ್ನೋ ಮೂಲಂಗಿಯನ್ನೋ ಉಪ್ಪಿನಲ್ಲಿ ನೆನೆಸಿ, ಕೆಂಪು ಮೆಣಸಿನಪುಡಿ, ಬೆಳ್ಳುಳ್ಳಿ, ಶುಂಠಿಗಳನ್ನು ಹಚ್ಚಿ ಹುಳಿಬರಿಸಿದ ಪದಾರ್ಥವಿದು. ಚಳಿಗಾಲಕ್ಕೆ ಮುನ್ನ ನೆರೆಹೊರೆಯವರು ಕೂಡಿ ಇದನ್ನು ಸಿದ್ಧಪಡಿಸುವ ಕಿಮ್ಜಾಂಗ್ ಎಂಬ ಸಂಪ್ರದಾಯವನ್ನು ಯುನೆಸ್ಕೋ ಸಂಸ್ಥೆಯು 2013ರಲ್ಲಿ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಅಪ್ಪೆಮಿಡಿಯನ್ನು ಉಪ್ಪುನೀರಿನಲ್ಲಿಟ್ಟು ಭರಣಿ ತುಂಬುವ ಮಲೆನಾಡಿನವರಿಗೆ ಈ ಶ್ರಮದ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರಡು ನಾಡುಗಳಿಗೂ ಮೆಣಸಿನಕಾಯಿ ಅಮೆರಿಕ ಖಂಡದಿಂದ ಬಂದ ಅತಿಥಿಯೇ ಎಂಬುದೂ ಇಲ್ಲಿ ಸ್ಮರಣೀಯ.

ಆದರೆ ಒಂದು ಮುಖ್ಯವಾದ ಭೇದವಿದೆ. ಕಿಮ್ಚಿಯ ಮಸಾಲೆಗೆ ಸಾಮಾನ್ಯವಾಗಿ ಉಪ್ಪಿನಲ್ಲಿ ಹುದುಗಿಸಿದ ಸೀಗಡಿಯನ್ನೋ ಮೀನಿನ ರಸವನ್ನೋ ಸೇರಿಸುತ್ತಾರೆ. ಕಣ್ಣಿಗೆ ಅದು ಕಾಣದು. ನೋಡುವವನಿಗೆ ಕೇವಲ ಎಲೆಕೋಸು. ತರಕಾರಿಯ ಸಾರಿಗೂ ಒಣಮೀನಿನ ಕಷಾಯವೇ ಆಧಾರವಾಗಿರಬಹುದು. “ಇದು ಸಸ್ಯಾಹಾರವೇ?” ಎಂದು ಕೇಳಿದರೆ, ಮಾಂಸದ ತುಂಡಿಲ್ಲವೆಂಬ ಅರ್ಥದಲ್ಲಿ ಪರಿಚಾರಕನು ಹೌದೆನ್ನಬಹುದು, ಅದರಲ್ಲಿ ವಂಚನೆಯ ಉದ್ದೇಶವಿರಬೇಕೆಂದಿಲ್ಲ. ಕೇಳತಕ್ಕ ಪ್ರಶ್ನೆ ಬೇರೆ: ಮಸಾಲೆಯಲ್ಲಿ ಮೀನಿನ ರಸವಿದೆಯೇ, ಸಾರಿನ ನೀರು ಯಾವುದು ಎಂದು. ಕೊರಿಯದಲ್ಲಿ ಶುದ್ಧ ಸಸ್ಯಾಹಾರದ ಸಂಪ್ರದಾಯವಿಲ್ಲವೆಂದು ಇದರಿಂದ ಭಾವಿಸಲಾಗದು. ಅಲ್ಲಿನ ಬೌದ್ಧ ವಿಹಾರಗಳ ಅಡುಗೆಯಲ್ಲಿ ಮೀನು ಮಾಂಸಗಳಿಗೆ ಪ್ರವೇಶವಿಲ್ಲ. ಬೆಳ್ಳುಳ್ಳಿ ಈರುಳ್ಳಿಗಳೂ ವರ್ಜ್ಯ. ನಮ್ಮ ಮಠಗಳ ಪಾಕಶಾಲೆಯ ನಿಯಮಕ್ಕೂ ಅದಕ್ಕೂ ಇರುವ ಸಾಮ್ಯ ಗಮನಾರ್ಹವಾಗಿದೆ.

ಕಾಣದ ಅಡುಗೆಯನ್ನು ನಂಬುವ ಬಗೆ ಹೇಗೆ ಎಂಬ ಈ ಸಮಸ್ಯೆ ನಮ್ಮ ಹೋಟಲುಗಳಿಗೂ ಹುಟ್ಟಿನಿಂದಲೇ ಬಂದದ್ದು. ಅನ್ನವಿಕ್ರಯವು ದೋಷವೆಂದು ಬಗೆದಿದ್ದ ಸಮಾಜದಲ್ಲಿ, ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಹೋಟಲುಗಳು ಹಬ್ಬಿದಾಗ, ಮಾಲೀಕರು ಗಿರಾಕಿಗಳಿಗೆ ನೀಡಿದ ಭರವಸೆ ಅಡುಗೆಯವನ ಜಾತಿಯದು. ಫಲಕದ ಮೇಲಿನ “ಬ್ರಾಹ್ಮಣ” ಎಂಬ ಪದದ ಕೆಲಸ ಇದೇ ಆಗಿತ್ತು. ಆದರೆ ಈ ಭರವಸೆಯ ಬೆಲೆಯನ್ನು ತೆತ್ತವರು ಬೇರೆ ಜನ. ಅನೇಕ ಹೋಟಲುಗಳಲ್ಲಿ ಬ್ರಾಹ್ಮಣರಿಗೆ ಪ್ರತ್ಯೇಕ ಸ್ಥಳವಿರುತ್ತಿತ್ತು; ಹಳ್ಳಿಗಳ ಚಹದಂಗಡಿಗಳಲ್ಲಿ ದಲಿತರಿಗೆ ಬೇರೆಯೇ ಲೋಟವಿರುತ್ತಿತ್ತು, ಎಷ್ಟೋ ಕಡೆ ಒಳಗೆ ಕಾಲಿಡಲೂ ಅವರಿಗೆ ಅವಕಾಶವಿರಲಿಲ್ಲ. ಅವರು ಕೊಟ್ಟ ಕಾಸು ಒಳಗೆ ಹೋಗುತ್ತಿತ್ತು. ಅವರು ಹೊರಗೆ ನಿಲ್ಲುತ್ತಿದ್ದರು. ಭಾರತ ಸಂವಿಧಾನದ 15(2)ನೆಯ ವಿಧಿಯು 1950ರಲ್ಲಿ ಸಾರ್ವಜನಿಕ ಭೋಜನಗೃಹಗಳ ಬಾಗಿಲನ್ನು ಸರ್ವರಿಗೂ ತೆರೆಯಿತು. ಹೀಗೆ ತಡೆಯುವುದನ್ನು 1955ರ ಅಸ್ಪೃಶ್ಯತಾ ಅಪರಾಧಗಳ ಅಧಿನಿಯಮವು ದಂಡನೀಯವನ್ನಾಗಿ ಮಾಡಿತು. ಮದರಾಸಿನಲ್ಲಿ ಪೆರಿಯಾರ್ ರಾಮಸ್ವಾಮಿಯವರ ಅನುಯಾಯಿಗಳು 1957ರಲ್ಲಿ ತಿರುವಲ್ಲಿಕ್ಕೇಣಿಯ ಹೋಟಲೊಂದರ ಫಲಕದಲ್ಲಿದ್ದ ಆ ಪದದ ವಿರುದ್ಧ ಚಳವಳಿ ಹೂಡಿದರು. ಶಾಸನ ಬಂದ ಮೇಲೂ ಎರಡು ಲೋಟದ ಪದ್ಧತಿ ಎಲ್ಲೆಡೆ ಕೂಡಲೇ ಅಳಿಯಲಿಲ್ಲ.

ಜಾತಿಯ ಭರವಸೆಗೆ ಬದಲಾಗಿ ಬೇರೊಂದು ಭರವಸೆ ಸಾಧ್ಯವೆಂಬುದಕ್ಕೆ ಬೆಂಗಳೂರಿನಲ್ಲಿಯೇ ಒಳ್ಳೆಯ ನಿದರ್ಶನವಿದೆ. 1924ರಲ್ಲಿ ಮಯ್ಯ ಸಹೋದರರು ಆರಂಭಿಸಿದ ಹೋಟಲಿಗೆ ಮೊದಲು ಇದ್ದ ಹೆಸರು ಬ್ರಾಹ್ಮಣ ಕಾಫಿ ಕ್ಲಬ್. ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪಿನ ಪ್ರವಾಸ ಮಾಡಿ, ಅಲ್ಲಿನ ಭೋಜನಗೃಹಗಳ ಶುಚಿತ್ವವನ್ನು ಕಂಡು ಬಂದರು. ಪಾತ್ರೆಗಳನ್ನು ಕ್ರಿಮಿರಹಿತವಾಗಿಸುವ ವ್ಯವಸ್ಥೆಯನ್ನು ತಂದರು. ಗಿರಾಕಿಗಳು ಅಡುಗೆಮನೆಯನ್ನು ಕಣ್ಣಾರೆ ನೋಡಲು ಅವಕಾಶ ಕೊಟ್ಟರು. 1960ರಲ್ಲಿ ಲಾಲ್‌ಬಾಗ್ ರಸ್ತೆಗೆ ಬಂದ ಹೋಟಲು ಮಾವಳ್ಳಿ ಟಿಫಿನ್ ರೂಮ್ಸ್ ಎಂಬ ಹೆಸರನ್ನು ತಾಳಿತು. ಅಡುಗೆಯವನು ಯಾರೆಂಬ ಪ್ರಶ್ನೆಯ ಸ್ಥಾನಕ್ಕೆ ಅಡುಗೆ ಹೇಗೆಂಬ ಪ್ರಶ್ನೆ ಬಂದು ನಿಂತದ್ದು ಸಣ್ಣ ಬದಲಾವಣೆಯಲ್ಲ. ಮೊದಲನೆಯ ಪ್ರಶ್ನೆಗೆ ಉತ್ತರ ಹುಟ್ಟಿನಲ್ಲಿದೆ. ಎರಡನೆಯದಕ್ಕೆ ಉತ್ತರ ದುಡಿಮೆಯಲ್ಲಿದೆ, ಅದನ್ನು ಯಾರು ಬೇಕಾದರೂ ಸಂಪಾದಿಸಬಹುದು.

ಕಾಫಿಯ ಸೀಮೆಯವರಿಗೆ ಇದು ಬೇರೊಂದು ರೂಪದಲ್ಲಿ ಪರಿಚಿತವೇ. ಚಿಕ್ಕಮಗಳೂರಿನ ಪೇಟೆಯಲ್ಲಿ ಕಾಫಿಪುಡಿಯನ್ನು ಕೊಳ್ಳುವವರು ಹುರಿದ ಬೀಜವನ್ನು ತಮ್ಮ ಕಣ್ಣೆದುರಿಗೇ ಬೀಸಿಸಿಕೊಳ್ಳುತ್ತಾರೆ. ಚಿಕೋರಿ ಎಷ್ಟು ಪಾಲು ಎಂಬುದನ್ನು ಮೊದಲೇ ಗೊತ್ತುಮಾಡುತ್ತಾರೆ. ಚಿಕೋರಿ ಬೆರೆಸುವುದು ತಪ್ಪೆಂದು ಯಾರೂ ಹೇಳರು. ಹೇಳದೆ ಬೆರೆಸುವುದು ತಪ್ಪು. ಮಿಶ್ರಣದಲ್ಲಿ ಕಾಫಿಯ ಪಾಲು ನೂರಕ್ಕೆ 51ಕ್ಕಿಂತ ಕಡಮೆಯಿರಬಾರದೆಂದು ಶಾಸನವೇ ವಿಧಿಸಿದೆ.

ಈ ಅಳತೆಗೋಲಿನಿಂದ ನೋಡಿದರೆ ಕೊರಿಯನ್ ಭೋಜನಗೃಹದ ಗುಣವೂ ಮಿತಿಯೂ ಸ್ಪಷ್ಟವಾಗುತ್ತವೆ. ಮೇಜಿನ ನಡುವೆ ಕೆಂಡವನ್ನೋ ಅನಿಲದ ಒಲೆಯನ್ನೋ ಇಟ್ಟು ಗಿರಾಕಿಯ ಎದುರಿನಲ್ಲೇ ಮಾಂಸವನ್ನು ಸುಡುವ ಪದ್ಧತಿ ಅವರಲ್ಲಿ ಪ್ರಸಿದ್ಧವಾದುದು. ಆ ಮಟ್ಟಿಗೆ ಅಡುಗೆಮನೆಯೇ ಗಿರಾಕಿಯ ಬಳಿಗೆ ಬಂದಂತಾಯಿತು. ಆದರೆ ಸಾರು, ಕಿಮ್ಚಿ, ಮಸಾಲೆಗಳು ಒಳಗಿನಿಂದಲೇ ಬರುತ್ತವೆ. ಅಲ್ಲಿ ಗಿರಾಕಿಗೆ ಪರಿಚಾರಕನ ಮಾತೇ ಕಣ್ಣು. ನಗುಮುಖ, ಒತ್ತಾಯ, ತ್ವರೆಗಳು ಉಪಚಾರದ ಅಲಂಕಾರಗಳು ಮಾತ್ರ. “ಇದರಲ್ಲಿ ಮೀನಿನ ರಸವಿದೆ, ನಿಮಗೆ ಸಲ್ಲದು” ಎಂದು ಹೇಳಿ ಒಂದು ತಟ್ಟೆಯ ವ್ಯಾಪಾರವನ್ನು ಬಿಟ್ಟುಕೊಡುವ ಪರಿಚಾರಕನಲ್ಲಿ ಉಪಚಾರದ ಸಾರವಿದೆ. ಬಂದವರೆಲ್ಲರಿಗೂ ಒಂದೇ ಪೀಠ, ಒಂದೇ ಲೋಟ, ಕೇಳಿದ್ದಕ್ಕೆ ನಿಜವಾದ ಉತ್ತರ: ಉಡುಪಿಯವರ ಹೋಟಲಾಗಲಿ, ಕೊರಿಯದವರದಾಗಲಿ, ಮಲ್ಲಂದೂರಿನ ದಾರಿಬದಿಯ ಚಹದಂಗಡಿಯಾಗಲಿ, ಗಿರಾಕಿಯು ಇವುಗಳಿಂದಲೇ ಅದನ್ನು ಅಳೆಯುವುದು ಉಚಿತ.