ಹುಟ್ಟಿದ ಮಗುವಿಗೆ ಜೇನು ನೆಕ್ಕಿಸಬೇಕೇ? ಎದೆಹಾಲು ಮತ್ತು ಕರುಳಿನ ಬ್ಯಾಕ್ಟೀರಿಯಾಗಳ ನಂಟು

“ಹುಟ್ಟಿದ ಮಗುವಿಗೆ ಮೊದಲು ಜೇನುತುಪ್ಪ ನೆಕ್ಕಿಸಿ, ಹೊಟ್ಟೆ ಶುದ್ಧವಾಗುತ್ತದೆ.” “ಮೊದಲು ಬರುವ ಹಳದಿ ಹಾಲು ಕೆಟ್ಟದ್ದು, ಹಿಂಡಿ ಚೆಲ್ಲಿ.” ಬಾಣಂತಿ ಕೋಣೆಯಲ್ಲಿ ಕೇಳಿಬರುತ್ತಿದ್ದ ಇಂಥ ಸಲಹೆಗಳು ಈಗ ವಾಟ್ಸ್‌ಆ್ಯಪ್‌ನಲ್ಲೂ ಓಡಾಡುತ್ತವೆ. ಇವು ಸರಿಯೇ? ತಿಳಿಯಬೇಕಾದರೆ ಮಗುವಿನ ಕರುಳಿನಲ್ಲಿ ಏನು ನಡೆಯುತ್ತದೆ ಎಂದು ನೋಡಬೇಕು.

ಮಗುವಿಗೆ ಜೀರ್ಣವಾಗದ ಸಕ್ಕರೆ ಹಾಲಿನಲ್ಲಿ ಏಕಿದೆ?

ಎದೆಹಾಲಿನಲ್ಲಿ ಲ್ಯಾಕ್ಟೋಸ್ ಮತ್ತು ಕೊಬ್ಬಿನ ನಂತರ ಅತಿ ಹೆಚ್ಚು ಇರುವ ಘನಾಂಶ ಆಲಿಗೋಸ್ಯಾಕರೈಡ್ ಎಂಬ ಸಕ್ಕರೆಗಳು. ಇವುಗಳಲ್ಲಿ ನೂರಕ್ಕೂ ಹೆಚ್ಚು ಬಗೆಗಳಿವೆ. ವಿಚಿತ್ರವೆಂದರೆ, ಇವನ್ನು ಜೀರ್ಣಿಸಿಕೊಳ್ಳುವ ಕಿಣ್ವ ಮಗುವಿನ ದೇಹದಲ್ಲಿಲ್ಲ. ಹೆಚ್ಚಿನ ಪಾಲು ಹಾಗೆಯೇ ದೊಡ್ಡ ಕರುಳನ್ನು ತಲುಪುತ್ತದೆ. ಅಲ್ಲಿ ಅದು ಬಿಫಿಡೊಬ್ಯಾಕ್ಟೀರಿಯಾ ಎಂಬ ಸೂಕ್ಷ್ಮಜೀವಿಗಳಿಗೆ ಊಟವಾಗುತ್ತದೆ. ಅಂದರೆ ತಾಯಿಯ ಹಾಲು ಮಗುವಿನ ಜೊತೆಗೆ ಈ ಬ್ಯಾಕ್ಟೀರಿಯಾಗಳನ್ನೂ ಸಾಕುತ್ತದೆ.

ಎದೆಹಾಲು ಕುಡಿಯುವ ಮಗುವಿನ ಮಲದಲ್ಲಿ ಈ ಕವಲೊಡೆದ ಆಕಾರದ ಬ್ಯಾಕ್ಟೀರಿಯಾವನ್ನು 1899ರ ಸುಮಾರಿಗೇ ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯ ಆನ್ರಿ ತಿಸ್ಯೆ ಗುರುತಿಸಿದ್ದರು.

ಇವುಗಳಿಂದ ಏನು ಲಾಭ?

ಈ ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ಒಡೆದಾಗ ಆಮ್ಲಗಳು ಉಂಟಾಗುತ್ತವೆ. ಕರುಳು ಹುಳಿಯಾದರೆ ಅನೇಕ ರೋಗಕಾರಕ ಬ್ಯಾಕ್ಟೀರಿಯಾಗಳಿಗೆ ಅಲ್ಲಿ ಬೆಳೆಯುವುದು ಕಷ್ಟ. ಜೊತೆಗೆ ಹಾಲಿನಲ್ಲಿರುವ ಪ್ರತಿಕಾಯಗಳು ರೋಗಾಣುಗಳು ಕರುಳಿನ ಗೋಡೆಗೆ ಅಂಟದಂತೆ ತಡೆಯುತ್ತವೆ. ಎದೆಹಾಲು ಕುಡಿಯುವ ಶಿಶುಗಳಲ್ಲಿ ಭೇದಿ ಕಡಿಮೆ ಇರಲು ಇವೂ ಕಾರಣ.

ಹಳದಿ ಹಾಲು ಚೆಲ್ಲಬಹುದೇ?

ಬೇಡ. ಈ ಮೊದಲ ಹಾಲಿನಲ್ಲಿ ಪ್ರತಿಕಾಯಗಳೂ ಆಲಿಗೋಸ್ಯಾಕರೈಡ್‌ಗಳೂ ನಂತರದ ಹಾಲಿಗಿಂತ ಹೆಚ್ಚು. ಹುಟ್ಟಿದ ಒಂದು ಗಂಟೆಯೊಳಗೆ ಹಾಲುಣಿಸಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಹಾಗೆ ಹಾಲು ಸಿಕ್ಕಿದ್ದು ಶೇ. 41.8ರಷ್ಟು ಮಕ್ಕಳಿಗೆ ಮಾತ್ರ.

ಒಂದು ಹನಿ ಜೇನು ಕೊಟ್ಟರೆ ಏನಾಗುತ್ತದೆ?

ಜೇನಿನಲ್ಲಿ ಬೊಟುಲಿಸಂ ಉಂಟುಮಾಡುವ ಬ್ಯಾಕ್ಟೀರಿಯಾದ ಬೀಜಕಣಗಳು ಇರಬಹುದು. ದೊಡ್ಡವರ ಕರುಳಿನಲ್ಲಿ ನೆಲೆಸಿರುವ ಬ್ಯಾಕ್ಟೀರಿಯಾಗಳು ಅವನ್ನು ಮೊಳೆಯಲು ಬಿಡುವುದಿಲ್ಲ. ಶಿಶುವಿನ ಕರುಳಿನಲ್ಲಿ ಆ ಕಾವಲು ಇನ್ನೂ ಸಿದ್ಧವಾಗಿರುವುದಿಲ್ಲ. ಹಾಗಾಗಿ ಬೀಜಕಣ ಮೊಳೆತು, ಸ್ನಾಯುಗಳನ್ನು ಸೋಲಿಸುವ ವಿಷ ಉತ್ಪತ್ತಿಯಾಗಬಹುದು. ಇದು ಅಪರೂಪ, ಆದರೆ ಉಸಿರಾಟಕ್ಕೇ ಕುತ್ತು ತರಬಲ್ಲದು. ಮನೆಯಲ್ಲಿ ಜೇನನ್ನು ಕುದಿಸಿದರೂ ಈ ಬೀಜಕಣಗಳು ಸಾಯುವುದಿಲ್ಲ. ಆದ್ದರಿಂದ ಒಂದು ವರ್ಷ ತುಂಬುವವರೆಗೆ ಜೇನು ಬೇಡವೇ ಬೇಡ.

ಬೇಸಿಗೆಯಲ್ಲಿ ನೀರು?

ಎದೆಹಾಲಿನಲ್ಲಿ ಸುಮಾರು ಶೇ. 87ರಷ್ಟು ನೀರೇ ಇದೆ. ಆರು ತಿಂಗಳವರೆಗೆ ಬೇರೆ ನೀರು ಬೇಕಿಲ್ಲ. ವೈದ್ಯರು ಹೇಳಿದ ಔಷಧ, ಓಆರ್‌ಎಸ್ ಮಾತ್ರ ಕೊಡಬಹುದು.

ಹಾಲು ಸಾಲದಿದ್ದರೆ?

ತಾಯಿಯನ್ನು ದೂರಬೇಡಿ. ವೈದ್ಯರ ಸಲಹೆಯಂತೆ ಫಾರ್ಮುಲಾ ಹಾಲು ಕುಡಿದ ಮಕ್ಕಳೂ ಚೆನ್ನಾಗಿ ಬೆಳೆಯುತ್ತಾರೆ. ಅವರ ಕರುಳಿನ ಬ್ಯಾಕ್ಟೀರಿಯಾಗಳ ಮಿಶ್ರಣ ಬೇರೆ ಇರುತ್ತದೆ, ಅಷ್ಟೇ. ಘನ ಆಹಾರ ಶುರುವಾದ ಮೇಲೆ ಈ ವ್ಯತ್ಯಾಸವೂ ಕಡಿಮೆಯಾಗುತ್ತಾ ಹೋಗುತ್ತದೆ. ಸಿಸೇರಿಯನ್ ಆದವರೂ ಬೇಗನೆ ಹಾಲುಣಿಸಲು ಶುರುಮಾಡಬಹುದು. ಅಂಗಡಿಯ ಪ್ರೊಬಯಾಟಿಕ್ ಹನಿಗಳನ್ನು ಮಾತ್ರ ವೈದ್ಯರನ್ನು ಕೇಳದೆ ಹಾಕಬೇಡಿ.

ನೆನಪಿಡಿ: ಹಳದಿ ಹಾಲು ಚೆಲ್ಲಬೇಡಿ, ಜೇನು ನೆಕ್ಕಿಸಬೇಡಿ, ಆರು ತಿಂಗಳು ಎದೆಹಾಲೊಂದೇ ಸಾಕು. ನಿಮ್ಮ ಮನೆಯ ಗ್ರೂಪ್‌ನಲ್ಲಿ ಬಸುರಿ, ಬಾಣಂತಿಯರಿದ್ದರೆ ಈ ಮಾಹಿತಿಯನ್ನು ಅವರ ಜೊತೆ ಮನೆಯ ಹಿರಿಯರಿಗೂ ಕಳಿಸಿ.