ಮೊದಲ ಅಪ್‌ಡೇಟ್: ಅಂಜಿಕೆಯೂ ಬೇಡ, ಉದಾಸೀನವೂ ಬೇಡ

ಹೊಸದಾಗಿ ಮುದ್ರಣಗೊಂಡ ಗ್ರಂಥದ ಕೊನೆಯಲ್ಲಿ ‘ತಪ್ಪು-ಒಪ್ಪು’ ಎಂಬ ಪಟ್ಟಿಯನ್ನು ನಾವೆಲ್ಲರೂ ಕಂಡಿದ್ದೇವೆ. ಕರಡನ್ನು ಎಷ್ಟು ಸಲ ತಿದ್ದಿದರೂ ಕೆಲವು ದೋಷಗಳು ಓದುಗರ ಕೈಸೇರಿದ ಮೇಲೆಯೇ ಕಣ್ಣಿಗೆ ಬೀಳುತ್ತವೆ. ಗಣಕಯಂತ್ರವನ್ನು ನಡೆಸುವ ಕಾರ್ಯಾಚರಣ ವ್ಯವಸ್ಥೆಗೂ ಈ ಮಾತು ಸಲ್ಲುತ್ತದೆ. ಅದರ ತಪ್ಪು-ಒಪ್ಪಿಗೆ ‘ಅಪ್‌ಡೇಟ್’ ಎಂದು ಹೆಸರು. ಭೇದವಿಷ್ಟೇ: ಗ್ರಂಥವನ್ನು ಓದುಗನೇ ಲೇಖನಿ ಹಿಡಿದು ತಿದ್ದಿಕೊಳ್ಳಬೇಕು, ಇಲ್ಲಿ ತಿದ್ದುಪಡಿಯೇ ಒಳಹೊಕ್ಕು ಹಳೆಯ ಕಡತಗಳ ಸ್ಥಾನದಲ್ಲಿ ಹೊಸವನ್ನು ಇರಿಸುತ್ತದೆ.

೨೦೨೫ರ ಅಕ್ಟೋಬರ್ ೧೪ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ ೧೦ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ಕೊನೆಗೊಳಿಸಿತು. ಅದರ ಸ್ಥಾನಕ್ಕೆ ವಿಂಡೋಸ್ ೧೧ನ್ನು ಹಾಕಿಸಿಕೊಂಡವರ ತೆರೆಯ ಮೇಲೆ ಬೇಗನೆ ಅಪ್‌ಡೇಟಿನ ಸೂಚನೆ ಮೂಡುತ್ತದೆ. ಈಗ ತಾನೇ ಹಾಕಿಸಿದ್ದಕ್ಕೆ ಇಷ್ಟು ಬೇಗ ರಿಪೇರಿಯೇ ಎಂಬ ಶಂಕೆ ಹಿರಿಯರಿಗೆ; ಒತ್ತಿ ಮುಗಿಸಿಬಿಡೋಣವೆಂಬ ಆತುರ ಮಕ್ಕಳಿಗೆ. ಇವೆರಡರ ನಡುವೆ ವಿವೇಕದ ಹಾದಿ ಯಾವುದೆಂಬುದನ್ನು ಆ ವ್ಯವಸ್ಥೆಯ ಮೊಟ್ಟಮೊದಲ ಅಪ್‌ಡೇಟಿನ ವೃತ್ತಾಂತವೇ ತಿಳಿಸುತ್ತದೆ.

ವಿಂಡೋಸ್ ೧೧ ಲೋಕಕ್ಕೆ ಬಿಡುಗಡೆಯಾದದ್ದು ೨೦೨೧ರ ಅಕ್ಟೋಬರ್ ೫ರಂದು. ಪ್ರತಿ ತಿಂಗಳ ಎರಡನೆಯ ಮಂಗಳವಾರ ತಿದ್ದುಪಡಿಗಳನ್ನು ಹೊರಡಿಸುವ ಪದ್ಧತಿಯನ್ನು ಮೈಕ್ರೋಸಾಫ್ಟ್ ೨೦೦೩ರಿಂದ ಪಾಲಿಸುತ್ತಿದೆ. ಅದರಂತೆ ಒಂದೇ ವಾರದಲ್ಲಿ, ಅಕ್ಟೋಬರ್ ೧೨ರಂದು, ಮೊದಲ ಅಪ್‌ಡೇಟ್ ಬಂದಿತು. ಇಂಟೆಲ್ ‘ಕಿಲ್ಲರ್’, ‘ಸ್ಮಾರ್ಟ್‌ಬೈಟ್’ ಎಂಬ ಜಾಲಸಂಪರ್ಕ ತಂತ್ರಾಂಶಗಳಿದ್ದ ಯಂತ್ರಗಳಲ್ಲಿ ಕೆಲವು ಬಗೆಯ ದತ್ತಾಂಶವು ನಡುದಾರಿಯಲ್ಲಿ ಕಳೆದುಹೋಗುತ್ತಿದ್ದ ದೋಷವನ್ನು ಅದು ನಿವಾರಿಸಿತು. ಸುರಕ್ಷತೆಯ ಲೋಪಗಳನ್ನೂ ಮುಚ್ಚಿತು. ಆದರೆ ಎಎಂಡಿ ಸಂಸ್ಥೆಯ ರೈಜನ್ ಸಂಸ್ಕಾರಕಗಳಿದ್ದ ಯಂತ್ರಗಳಲ್ಲಿ ಮೊದಲೇ ಇದ್ದ ನಿಧಾನಗತಿ ಈ ಅಪ್‌ಡೇಟಿನ ಬಳಿಕ ಹೆಚ್ಚಿತೆಂದು ಪರೀಕ್ಷಿಸಿದವರು ಕಂಡುಕೊಂಡರು. ಅದಕ್ಕೆ ಪರಿಹಾರ ಅಕ್ಟೋಬರ್ ೨೧ರಂದು ಬಂದಿತು. ಒಂದನ್ನು ನೇರ್ಪಡಿಸಿದ ಕೈಯೇ ಇನ್ನೊಂದನ್ನು ಸಡಿಲಿಸಿತ್ತು. ಒಂಬತ್ತು ದಿನಗಳಲ್ಲಿ ಅದೂ ಸರಿಹೋಯಿತು.

ಹಾಗಾದರೆ ಕಾದು ನೋಡುವುದೇ ಲೇಸಲ್ಲವೇ ಎಂದು ಕೆಲವರು ಕೇಳಬಹುದು. ಅದಕ್ಕೆ ೨೦೧೭ರ ಘಟನೆಯೇ ಉತ್ತರ. ವಿಂಡೋಸ್‌ನ ಒಂದು ಲೋಪಕ್ಕೆ ಆ ವರ್ಷದ ಮಾರ್ಚ್ ೧೪ರಂದೇ ತಿದ್ದುಪಡಿ ಹೊರಟಿತ್ತು. ಅದನ್ನು ಹಾಕಿಕೊಳ್ಳದೆ ಉಳಿದ ಯಂತ್ರಗಳಿಗೆ ಮೇ ೧೨ರಂದು ‘ವಾನಾಕ್ರೈ’ ಎಂಬ ಕುತಂತ್ರಾಂಶವು ನುಗ್ಗಿ, ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಸುಮಾರು ೧೫೦ ದೇಶಗಳಿಗೆ ಪೀಡೆ ತಟ್ಟಿತು. ಇಂಗ್ಲೆಂಡಿನ ಸರಕಾರಿ ಆಸ್ಪತ್ರೆಗಳಲ್ಲಿ ೧೯,೦೦೦ಕ್ಕೂ ಮಿಗಿಲಾದ ರೋಗಿಗಳ ಭೇಟಿಗಳು ರದ್ದಾದವೆಂದು ಅಂದಾಜಿಸಲಾಯಿತು. ಎರಡು ತಿಂಗಳ ಉದಾಸೀನಕ್ಕೆ ತೆತ್ತ ಬೆಲೆಯಿದು. ಕೋಟೆ ಸೂರೆಹೋದ ಮೇಲೆ ದಿಡ್ಡಿಬಾಗಿಲು ಹಾಕಿ ಫಲವೇನು?

ಆದುದರಿಂದ ಗೃಹಸ್ಥರು ಕೆಲವು ನಿಯಮಗಳನ್ನು ಪಾಲಿಸುವುದು ಉಚಿತ. ಮೊದಲನೆಯದಾಗಿ, ಮನೆಯ ಲೆಕ್ಕಪತ್ರ, ಮಕ್ಕಳ ಅಂಕಪಟ್ಟಿ, ಛಾಯಾಚಿತ್ರಗಳ ಪ್ರತಿಯನ್ನು ಪೆನ್‌ಡ್ರೈವಿನಲ್ಲೋ ಬೇರೊಂದು ಹಾರ್ಡ್‌ಡಿಸ್ಕಿನಲ್ಲೋ ತೆಗೆದಿರಿಸಿ ಅದನ್ನು ಯಂತ್ರದಿಂದ ಬೇರ್ಪಡಿಸಿಡಬೇಕು. ಎರಡನೆಯದಾಗಿ, ವಿದ್ಯುತ್ತು ಕೈಕೊಡದಂತೆ ಲ್ಯಾಪ್‌ಟಾಪಿಗೆ ಚಾರ್ಜರ್, ಮೇಜಿನ ಯಂತ್ರಕ್ಕೆ ಯುಪಿಎಸ್ ಇರಲಿ. ಬಳಕೆಯಲ್ಲಿರುವ ಕಡತಗಳನ್ನು ಬದಲಿಸಲಾಗದು. ಅದಕ್ಕಾಗಿಯೇ ಯಂತ್ರವು ಮತ್ತೆ ಆರಂಭಗೊಳ್ಳುತ್ತದೆ. ಆ ಹೊತ್ತಿನಲ್ಲಿ ಬೇಸರಗೊಂಡು ಗುಂಡಿ ಒತ್ತಿ ಆರಿಸಿದರೆ ವ್ಯವಸ್ಥೆಯೇ ಕೆಡುವ ಸಂಭವವುಂಟು. ಮೂರನೆಯದಾಗಿ, ಅಪ್‌ಡೇಟನ್ನು ಯಂತ್ರದ ಸೆಟ್ಟಿಂಗ್ಸ್‌ನಲ್ಲಿರುವ ‘ವಿಂಡೋಸ್ ಅಪ್‌ಡೇಟ್’ ಮೂಲಕವೇ ಪಡೆಯಬೇಕು. ದೂರವಾಣಿಯಲ್ಲಿ ಕರೆಮಾಡಿ ‘ನಾವು ಹಾಕಿಕೊಡುತ್ತೇವೆ’ ಎನ್ನುವವರನ್ನು ನಂಬಲಾಗದು. ಕೊನೆಯದಾಗಿ, ಕೆಲಸ ಮುಗಿದ ಮೇಲೆ ಪ್ರಿಂಟರ್, ಧ್ವನಿ, ಕನ್ನಡ ಟೈಪಿಂಗ್ ಸರಿಯಾಗಿವೆಯೇ ಎಂದು ನೋಡಬೇಕು. ತೊಡಕು ಕಂಡರೆ ಅಪ್‌ಡೇಟ್‌ಗಳ ಇತಿಹಾಸದ ಪುಟದಲ್ಲಿ ಅದನ್ನು ಹಿಂದೆಗೆಯುವ ದಾರಿಯುಂಟು.

ತಿದ್ದುಪಡಿ ಬಂದಿತೆಂದರೆ ವಸ್ತು ಕಳಪೆಯೆಂದು ಅರ್ಥವಲ್ಲ. ಅದನ್ನು ಮಾಡಿದವರು ಇನ್ನೂ ಎಚ್ಚರದಿಂದಿದ್ದಾರೆಂದು ಅರ್ಥ. ತಿದ್ದುವವರಿಲ್ಲದ ವ್ಯವಸ್ಥೆಗೇ ನಾವು ಅಂಜಬೇಕಾದುದು. ಪ್ರತಿ ತೆಗೆದಿರಿಸಿ, ಸಮಾಧಾನದಿಂದ ಒಪ್ಪಿಗೆ ನೀಡುವ ಅಭ್ಯಾಸ ಪ್ರತಿ ಮನೆಯಲ್ಲಿಯೂ ಬೆಳೆಯಲೆಂದು ಆಶಿಸುತ್ತೇವೆ.